ಬೀದರ್‌ಗೆ ಬರುವ ಮಕ್ಕಳ ಕೈಗೂ ಸ್ವಲ್ಪ ಕೆಲಸ ಕೊಡಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬೀದರ್
ಹಾಗೂ ಪ್ರವಾಸೋದ್ಯಮ ಇಲಾಖೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳು

ಮಾನ್ಯರೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ಮಕ್ಕಳನ್ನು ಕರೆದುಕೊಂಡು ಬೀದರ್ ನೋಡಲು ಬರುವ ಕುಟುಂಬಗಳಿಗೆ ಒಂದು ಕಲಾ ಕೋಣೆ ಬೇಕು. ಮಕ್ಕಳು ಅಲ್ಲಿ ಕೂತು ಕೈಯಾರೆ ಏನಾದರೂ ಮಾಡಬೇಕು. ದೊಡ್ಡ ಮ್ಯೂಸಿಯಂ ಕಟ್ಟಿಸಿ ಅಂತ ಕೇಳುತ್ತಿಲ್ಲ. ಈಗಾಗಲೇ ಇರುವ ಯಾವುದಾದರೂ ಸರ್ಕಾರಿ ಕಟ್ಟಡದಲ್ಲಿ ಎರಡು ಕೋಣೆ, ಮಕ್ಕಳ ಎತ್ತರದ ಮೇಜು, ನೀರು, ಫ್ಯಾನು, ಒಂದು ಸ್ವಚ್ಛ ಶೌಚಾಲಯ. ಜೊತೆಗೆ ಸರಿಯಾದ ಸಂಭಾವನೆ ಪಡೆದು ಕಲಿಸುವ ಒಬ್ಬ ಬಿದ್ರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮೂರಿನ ಕಲೆ) ಕುಶಲಕರ್ಮಿ. ಶುರುಮಾಡೋಕೆ ಇಷ್ಟು ಸಾಕು.

ನಾನು ಇದೇ ಊರಿನ ಚಿತ್ರಕಲಾ ಶಿಕ್ಷಕಿ. ರಜೆ ಬಂತೆಂದರೆ ಹೈದರಾಬಾದ್, ಪುಣೆ, ಬೆಂಗಳೂರು ಕಡೆಯ ನೆಂಟರು ಮಕ್ಕಳ ಸಮೇತ ಬರುತ್ತಾರೆ. ಊರು ತೋರಿಸುವ ಕೆಲಸ ನನಗೇ ಬೀಳುತ್ತದೆ. ದೊಡ್ಡವರಿಗೆ ಬೀದರ್ ತೋರಿಸುವುದು ಸುಲಭ. ಕೋಟೆ ಇದೆ, ಮಹಮೂದ್ ಗಾವಾನ್ ಮದರಸಾ ಇದೆ, ಅಷ್ಟೂರಿನ ಗುಂಬಜ್‌ಗಳಿವೆ, ಗುರುದ್ವಾರ ಇದೆ, ಝರಣಿ ನರಸಿಂಹ ಇದ್ದಾನೆ. ಎರಡು ದಿನ ಸಾಲುವುದಿಲ್ಲ. ಆದರೆ ಎಂಟು ವರ್ಷದ ಹುಡುಗನ ಲೆಕ್ಕವೇ ಬೇರೆ. ಕೋಟೆಯ ಕಂದಕ ನೋಡಿ ಅವನಿಗೆ ಖುಷಿಯಾಗುತ್ತದೆ. ತೋಪಿನ ಬಾಯಲ್ಲಿ ಇಣುಕುತ್ತಾನೆ. ಸೋಲಾ ಖಂಬಾ ಮಸೀದಿಯಲ್ಲಿ ನಿಜವಾಗಲೂ ಹದಿನಾರು ಕಂಬ ಇದೆಯಾ ಅಂತ ಎಣಿಸುತ್ತಾನೆ. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತದೆ. "ಇನ್ನೇನಿದೆ?" ಅಂತಾನೆ, ಮತ್ತೆ ಅಪ್ಪನ ಫೋನ್ ಕೇಳುತ್ತಾನೆ. ಊಟ ಮುಗಿಸಿ ಲಾಡ್ಜಿಗೆ ಹೋದರೆ ಸಂಜೆವರೆಗೆ ಟಿವಿ. ಎಷ್ಟೋ ಕುಟುಂಬಗಳು ಸಂಜೆಯನ್ನೂ ಕಾಯದೆ ವಾಪಸ್ ಹೈದರಾಬಾದ್ ದಾರಿ ಹಿಡಿಯುತ್ತವೆ. ಮೂರು ತಾಸಿನ ದಾರಿ ತಾನೇ.

ಕೋಟೆಯ ಒಳಗಿನ ರಂಗೀನ್ ಮಹಲನ್ನೇ ತೆಗೆದುಕೊಳ್ಳಿ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿಗಳ ಕಾಲದ ಕೆಲಸ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಮರದ ಕಂಬಗಳ ಮೇಲೆ ಕೆತ್ತನೆ ಇದೆ. ಬೆಳಕು ಬಿದ್ದರೆ ಚಿಪ್ಪು ಮಿನುಗುತ್ತದೆ, ಮಗುವಿನ ಕೈ ತಾನಾಗಿ ಮುಂದೆ ಹೋಗುತ್ತದೆ. ಕೂಡಲೇ "ಏ, ಮುಟ್ಟಬೇಡ!" ಅನ್ನುತ್ತೇವೆ. ಅನ್ನಲೇಬೇಕು ಬಿಡಿ. 16ನೇ ಶತಮಾನದ ಚಿಪ್ಪಿನ ಮೇಲೆ ಎಲ್ಲರೂ ಬೆರಳು ಆಡಿಸಿದರೆ ಏನು ಉಳಿಯುತ್ತದೆ? ನನ್ನ ತಕರಾರು ಆ ನಿಯಮದ ಮೇಲೆ ಅಲ್ಲವೇ ಅಲ್ಲ. ಬೆಳಗಿನಿಂದ ಸಂಜೆವರೆಗೆ ಆ ಮಗು ಕೇಳುವುದು ಅದೊಂದೇ ಮಾತು. ಇಲ್ಲಿ ಮುಟ್ಟು, ಇದನ್ನು ನೀನೇ ಮಾಡು ಅಂತ ಹೇಳುವ ಒಂದು ಜಾಗವೂ ಊರಲ್ಲಿ ಇಲ್ಲ.

ಕೋಟೆಯ ಗೋಡೆಗಳ ಮೇಲೆ ಹೆಸರು ಗೀಚಿದ್ದನ್ನು ನೀವೂ ನೋಡಿರುತ್ತೀರಿ. ಹೃದಯ, ಬಾಣ, ಅದರ ಕೆಳಗೆ ಇಸವಿ. ಎಚ್ಚರಿಕೆ ಬೋರ್ಡು ಬೇಕು, ದಂಡವೂ ಬೇಕು. ಆದರೂ ಶಿಕ್ಷಕಿಯಾಗಿ ನನಗೆ ಅನ್ನಿಸುವುದು ಇದು: ಚಂದದ ಜಾಗಕ್ಕೆ ಹೋದಾಗ ತನ್ನದೂ ಒಂದು ಗುರುತು ಬಿಡಬೇಕು ಅನ್ನುವ ಆಸೆ ಚಿಕ್ಕವರಲ್ಲಿ ಸಹಜ. ಅದಕ್ಕೊಂದು ಹಾಳೆ, ಒಂದು ಮಣ್ಣಿನ ಬಿಲ್ಲೆ, ಒಂದು ತಗಡು ಕೊಟ್ಟುಬಿಟ್ಟರೆ ಗೋಡೆಗೆ ಅರ್ಧ ಕಾಟ ತಪ್ಪುತ್ತದೆ.

ಮುಟ್ಟಿ ಕಲಿಯುವ ಜಾಗ ನಮ್ಮ ಭಾಗಕ್ಕೆ ಹೊಸದೇನಲ್ಲ. ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಅಲ್ಲಿ ಗುಂಡಿ ಒತ್ತಬಹುದು, ಹಿಡಿಕೆ ತಿರುಗಿಸಬಹುದು. ಶಾಲೆಯ ಬಸ್ಸಿಂದ ಇಳಿದ ಮಕ್ಕಳು ಒಳಗೆ ಓಡುವ ರಭಸ ನೋಡಿದರೆ ಗೊತ್ತಾಗುತ್ತದೆ, ಆ ಜಾಗ ಅವರದ್ದು ಅಂತ. ವಿಜ್ಞಾನಕ್ಕೆ ನಲವತ್ತು ವರ್ಷದ ಹಿಂದೆಯೇ ಸಿಕ್ಕಿದ ಈ ಭಾಗ್ಯ ಕಲೆಗೆ ಯಾಕೆ ಸಿಗಲಿಲ್ಲ? ಕಲೆ ಅಂದರೆ ಗಾಜಿನ ಹಿಂದೆ ಇಟ್ಟು ದೂರದಿಂದ ನೋಡುವುದು ಅಂತ ನಾವೆಲ್ಲ ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೇವೆ.

ಹೊರಗಡೆ ಈ ಯೋಚನೆ ಬಹಳ ಹಳೆಯದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಕ್ಕಳಿಗೇ ಅಂತ ಮ್ಯೂಸಿಯಂ ಶುರುವಾಗಿದ್ದು 1899ರಲ್ಲಿ. ಜಪಾನಿನ ಕನಜಾವಾ ಊರು ಚಿನ್ನದ ರೇಕಿಗೆ ಹೆಸರುವಾಸಿ. ಪ್ರವಾಸಕ್ಕೆ ಬಂದ ಮಕ್ಕಳು ಅಲ್ಲಿ ಸಣ್ಣ ಡಬ್ಬಿಯ ಮೇಲೋ, ಊಟದ ಕಡ್ಡಿಯ ಮೇಲೋ ತಾವೇ ರೇಕು ಅಂಟಿಸಿ ಮನೆಗೆ ಒಯ್ಯಬಹುದು. ಅಷ್ಟು ದೂರ ಯಾಕೆ, ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ 1996ರಿಂದ ದಕ್ಷಿಣಚಿತ್ರ ಇದೆ. ದಕ್ಷಿಣದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ನಿಲ್ಲಿಸಿದ್ದಾರೆ. ಮಕ್ಕಳು ಮನೆ ನೋಡುವುದರ ಜೊತೆಗೆ ಕುಂಬಾರನ ಚಕ್ರದ ಮುಂದೆ ಕೂತು ಕೈ ಕೆಸರು ಮಾಡಿಕೊಳ್ಳುತ್ತಾರೆ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ 2019ರಿಂದ ಮಕ್ಕಳದೇ ಮ್ಯೂಸಿಯಂ ನಡೆಯುತ್ತಿದೆ. ಬೆಂಗಳೂರಿನ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್‌ನಲ್ಲಿ ಒಂದು ನಾದದ ತೋಟವೇ ಇದೆ. ಅಲ್ಲಿ ಕಲ್ಲು, ಲೋಹ ಬಡಿದು ಸ್ವರ ಹೊರಡಿಸುವುದೇ ಮಕ್ಕಳ ಕೆಲಸ. ಇವೆಲ್ಲ ದೊಡ್ಡ ಊರು, ದೊಡ್ಡ ದುಡ್ಡು ಅನ್ನಬಹುದು ನೀವು. ಹೌದು. ಆದರೆ ನಮ್ಮಲ್ಲಿ ಇರುವ ಒಂದು ವಸ್ತು ಅವರಲ್ಲಿ ಇಲ್ಲ.

ಹಳೆಯ ಬಿದ್ರಿ ಸಾಮಾನುಗಳ ಒಳ್ಳೆಯ ಸಂಗ್ರಹ ನೋಡಬೇಕೆಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಬೇಕು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ಇವೆ. ಹಳೆಯ ವಸ್ತುಗಳಲ್ಲಿ ಅವರ ಜೊತೆ ನಾವು ಪೈಪೋಟಿ ಮಾಡೋಕಾಗಲ್ಲ, ಮಾಡಬೇಕಾಗಿಯೂ ಇಲ್ಲ. ನಮ್ಮ ಊರಲ್ಲಿ ಇರುವುದು ಇವತ್ತಿಗೂ ಬಿದ್ರಿ ಮಾಡುವ ಕೈ. ಹಳೆ ಊರಿನ ನಡುವಿನ ಚೌಬಾರಾ ಗೋಪುರದ ಹಿಂದೆಮುಂದೆ ಓಡಾಡಿದರೆ ಉಳಿ, ಸುತ್ತಿಗೆಯ ಟಕಟಕ ಸದ್ದು ಈಗಲೂ ಕೇಳುತ್ತದೆ. 2006ರಲ್ಲಿ ಬಿದ್ರಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಬಿದ್ರಿಯದ್ದೇ. 2023ರಲ್ಲಿ ನಮ್ಮ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಊರಿಗೆ ಮಂತ್ರಿ ಬಂದರೆ ಶಾಲು, ಹಾರದ ಜೊತೆ ಬಿದ್ರಿ ಕಾಣಿಕೆ ಕೊಡುತ್ತೇವೆ. ಅಂದರೆ ಮಂತ್ರಿಗಳ ಕೈಗೆ ಸಿಗುವ ಬಿದ್ರಿ ಮಕ್ಕಳ ಕೈಗೆ ಸಿಗುವುದಿಲ್ಲ. ಅಂಗಡಿಯಲ್ಲೂ "ದೂರದಿಂದ ನೋಡು ಪುಟ್ಟಾ, ಬಿದ್ದರೆ ಸೊಟ್ಟಗಾಗುತ್ತೆ" ಅಂತಾರೆ.

ಬಿದ್ರಿ ಹೇಗಾಗುತ್ತದೆ ಅಂತ ನಿಮಗೆ ಗೊತ್ತಿರುವುದೇ. ಆದರೂ ಮಕ್ಕಳ ಕಣ್ಣಿಂದ ಒಮ್ಮೆ ನೋಡೋಣ. ಮೊದಲು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸುತ್ತಾರೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅನ್ನುವುದು ಸಾಮಾನ್ಯ ಲೆಕ್ಕ. ಸತು ಕರಗುವುದು 420 ಡಿಗ್ರಿ ಹತ್ತಿರ. ಅದನ್ನು ಮಣ್ಣಿನ ಅಚ್ಚಿಗೆ ಸುರಿಯುವುದನ್ನು ಮಕ್ಕಳು ದೂರ ನಿಂತು ನೋಡಬಹುದು, ಅಷ್ಟೇ. ಆಮೇಲೆ ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತಿನ ನೀರು ಹಚ್ಚಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೆರೆ ಎದ್ದು ಕಾಣಲಿ ಅಂತ. ಚೂಪಾದ ಕಡ್ಡಿಯಲ್ಲಿ ಚಿತ್ರ ಬರೆಯುತ್ತಾರೆ: ಬಳ್ಳಿ, ನಕ್ಷತ್ರ, ಅಶ್ರಫಿ ಬೂಟಿ ಅನ್ನುವ ಹೂವಿನ ವಿನ್ಯಾಸ. ಕೆಳಗೆ ನಕಾಶೆ ಹಾಕಿಕೊಳ್ಳದೆ ಕೈ ಎತ್ತದೆ ಬರೆಯುವ ಹಿರಿಯರನ್ನು ಕಂಡರೆ ಚಿತ್ರಕಲೆ ಕಲಿಸುವ ನನಗೇ ಹೊಟ್ಟೆಕಿಚ್ಚಾಗುತ್ತದೆ. ಆ ಗೆರೆಯ ಗುಂಟ ಉಳಿಯಿಂದ ತೋಡಿ, ತೋಡಿದ ಕಡೆ ಬೆಳ್ಳಿಯ ತಂತಿ ಇಲ್ಲವೇ ತೆಳು ತಗಡು ಇಟ್ಟು ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರಕಶಿ ಅಂತಾರೆ. ಇಷ್ಟೆಲ್ಲ ಆದ ಮೇಲೂ ವಸ್ತು ನೋಡೋಕೆ ಬೂದು ಬಣ್ಣ. ಬೆಳ್ಳಿ ಎಲ್ಲಿದೆ, ಸತು ಎಲ್ಲಿದೆ ಅಂತ ಸರಿಯಾಗಿ ಗೊತ್ತೂ ಆಗುವುದಿಲ್ಲ.

ಕೊನೆಗೆ ಬರುತ್ತದೆ ಕೋಟೆಯ ಮಣ್ಣು. ಬಿಸಿಲು ಮಳೆ ತಾಗದ ಹಳೆಯ ಜಾಗದ ಮಣ್ಣೇ ಆಗಬೇಕು. ಸರಿಯಾದ ಮಣ್ಣು ಹೌದೋ ಅಲ್ಲವೋ ಅಂತ ನಾಲಿಗೆ ಮೇಲಿಟ್ಟು ರುಚಿ ನೋಡುತ್ತಾರೆ. ಈ ಮಾತು ಹೇಳಿದಾಗ ತರಗತಿಯಲ್ಲಿ ಎಂಥ ತುಂಟ ಹುಡುಗನೂ ತಿರುಗಿ ನೋಡುತ್ತಾನೆ. "ಮಣ್ಣು ತಿಂತಾರಾ ಟೀಚರ್?" ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ, ನೀರಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚಿ ಉಜ್ಜುತ್ತಾರೆ. ಸತುವಿನ ಭಾಗ ಕಡುಗಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಬೂದು ಮುದ್ದೆಯಂತಿದ್ದ ವಸ್ತುವಿನಲ್ಲಿ ಬಳ್ಳಿ ಒಮ್ಮೆಲೇ ಬೆಳ್ಳಗೆ ಎದ್ದು ಬರುತ್ತದೆ. ಆ ಗಳಿಗೆಯನ್ನು ಒಂದು ಮಗುವಿನ ಕಣ್ಣೆದುರು ಮಾಡಿ ತೋರಿಸಿ. ಅದಕ್ಕೆ ರಸಾಯನಶಾಸ್ತ್ರದ ಪಾಠವೂ ಬೇಕಿಲ್ಲ, ಬಹಮನಿ ಇತಿಹಾಸದ ಭಾಷಣವೂ ಬೇಕಿಲ್ಲ. ಮಗುವೇ ನೂರು ಪ್ರಶ್ನೆ ಕೇಳುತ್ತದೆ.

ಈಗ ಇದರಲ್ಲಿ ಮಕ್ಕಳು ಏನು ಮಾಡಬಹುದು? ಕುಲುಮೆ, ಮೈಲುತುತ್ತು, ನವಸಾಗರ ಮೂರೂ ಮಕ್ಕಳ ಕೈಗೆ ಬೇಡ. ಮೈಲುತುತ್ತು ವಿಷ, ನವಸಾಗರ ಕಾಯ್ದರೆ ಬರುವ ಹೊಗೆ ಒಳ್ಳೆಯದಲ್ಲ. ಅದು ಕುಶಲಕರ್ಮಿಯ ಕೆಲಸ, ಗಾಳಿಯಾಡುವ ಅಂಗಳದಲ್ಲಿ. ಉಳಿದದ್ದು ಬೇಕಾದಷ್ಟಿದೆ. ಚಿಕ್ಕವರಿಗೆ ಕಪ್ಪು ಕಾರ್ಡ್‌ಶೀಟ್ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಲ್ಲಿ ತಮ್ಮದೇ ಬೂಟಿ. ಇನ್ನೂ ಸ್ವಲ್ಪ ದೊಡ್ಡವರಿಗೆ ಕಪ್ಪು ಬಣ್ಣ ಕಲಸಿದ ಜೇಡಿಮಣ್ಣಿನ ಬಿಲ್ಲೆ. ಅದರಲ್ಲಿ ಕಡ್ಡಿಯಿಂದ ಗೆರೆ ತೋಡಿ, ತೆಳು ಅಲ್ಯೂಮಿನಿಯಂ ತಂತಿ ಒತ್ತಿ ಕೂರಿಸುವುದು. ನನ್ನ ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿದ್ದೇನೆ. ತಂತಿ ಮೇಲೆದ್ದು ಬರುತ್ತದೆ, ಸಿಟ್ಟು ಬರುತ್ತದೆ, ಮತ್ತೆ ಒತ್ತುತ್ತಾರೆ. ಹದಿಮೂರು, ಹದಿನಾಲ್ಕು ವರ್ಷದವರಿಗೆ ನಿಜವಾದ ಲೋಹದ ಪುಟ್ಟ ತುಂಡಿನ ಮೇಲೆ ಗೆರೆ ಬರೆಯೋಕೆ ಕೊಡಬಹುದು, ಪಕ್ಕದಲ್ಲಿ ಉಸ್ತಾದರು ಇದ್ದರೆ. ಮತ್ತೆ ಎಲ್ಲ ವಯಸ್ಸಿನವರಿಗೂ ಆಗುವಂಥದ್ದು ಕಟ್ಟಕಡೆಯ ಕೆಲಸ. ಕಪ್ಪಾಗಿ ತೊಳೆದಿಟ್ಟ ಕೀಚೈನಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಉಜ್ಜಿ ಹೊಳಪು ಬರಿಸುವುದು. ಅದನ್ನೇ ದುಡ್ಡು ಕೊಟ್ಟು ಮನೆಗೆ ಒಯ್ಯಲಿ. ಅಂಗಡಿಯಲ್ಲಿ ಕೊಂಡ ಕೀಚೈನನ್ನು ಮಗು ವಾರದಲ್ಲಿ ಮರೆಯುತ್ತದೆ. ತಾನೇ ಹೊಳಪು ಬರಿಸಿದ್ದನ್ನು ಶಾಲೆಗೆ ಒಯ್ದು ತೋರಿಸುತ್ತದೆ.

ಒಂದು ಎಚ್ಚರ ಮಾತ್ರ. ಕೋಟೆಯ ಆ ಮಣ್ಣು ಮುಗಿಯದ ಗಣಿಯೇನಲ್ಲ. ಮಕ್ಕಳ ಆಟಕ್ಕೆ ಅದನ್ನು ಬುಟ್ಟಿಗಟ್ಟಲೆ ಅಗೆದು ತರುವುದು ಬೇಡ. ತೋರಿಸೋಕೆ ಒಂದು ಬೋಗುಣಿ ಸಾಕು.

ಬರೀ ಬಿದ್ರಿಗೇ ನಿಲ್ಲಬೇಕಿಲ್ಲ. 1472ರ ಮದರಸಾದ ಮುಂಭಾಗ ನೋಡಿ. ನೀಲಿ, ಬಿಳಿ, ಹಳದಿ ಹೆಂಚಿನ ಬಿಲ್ಲೆಗಳ ವಿನ್ಯಾಸ ಅರ್ಧ ಇದೆ, ಅರ್ಧ ಉದುರಿದೆ. 1696ರ ಸಿಡಿಮದ್ದಿನ ಸ್ಫೋಟದಲ್ಲಿ ಒಂದು ಮಿನಾರು ಸಮೇತ ಮುಂಭಾಗದ ದೊಡ್ಡ ಪಾಲು ಹೋಯಿತು. ಚಿತ್ರಕಲೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಗೋಡೆ ಎಲ್ಲಿದೆ? ಉಳಿದಿರುವ ಅರ್ಧವನ್ನು ಹಾಳೆಯ ಮೇಲೆ ಅಚ್ಚು ಹಾಕಿ ಕೊಡಿ. ಹೋದ ಅರ್ಧವನ್ನು ಮಕ್ಕಳು ಬಣ್ಣದ ಕಾಗದ ಕತ್ತರಿಸಿ ತುಂಬಲಿ. ಕೆಲವರು ಅಳತೆ ಹಿಡಿದು ತದ್ರೂಪು ಮಾಡುತ್ತಾರೆ, ಕೆಲವರು ಡೈನೋಸಾರ್ ಬಿಡಿಸುತ್ತಾರೆ. ಬಿಡಿಸಲಿ. ಹೋದ ಮಿನಾರನ್ನೂ ತಮಗೆ ತೋಚಿದಂತೆ ಕಟ್ಟಲಿ. ತಖ್ತ್ ಮಹಲಿನ ಹುಲಿ ಮತ್ತು ಸೂರ್ಯ, ಅಷ್ಟೂರಿನ ಅಹ್ಮದ್ ಶಾಹನ ಗುಂಬಜಿನ ಒಳಗಿನ ಕೆಂಪು, ಚಿನ್ನದ ಬಣ್ಣದ ಚಿತ್ತಾರ, ಇವೂ ಹೀಗೇ ಹಾಳೆಗೆ ಬರಬಹುದು. ನೌಬಾದಿನ ಸುರಂಗ ಬಾವಿ, ಅಂದರೆ ನೆಲದಡಿಯಲ್ಲಿ ನೀರು ಹರಿಸುವ ಹಳೆಯ ಕಾಲುವೆ ಇದೆಯಲ್ಲ, ಅದನ್ನು ನೆಲದ ಮೇಲೆ ನಿಂತು ತೋರಿಸಿದರೆ ಮಕ್ಕಳಿಗೆ ಕಾಣುವುದು ಸಾಲಾಗಿರುವ ಗುಂಡಿಗಳು ಮಾತ್ರ. ಇಳಿಜಾರಿನ ಮಣ್ಣಿನ ಮಾದರಿ ಮಾಡಿ, ಮೇಲಿನ ತುದಿಯಲ್ಲಿ ಚೊಂಬು ನೀರು ಸುರಿಯೋಕೆ ಬಿಡಿ. ಒಳಗೆ ಹರಿದು ಕೆಳಗೆ ಬಂತಲ್ಲ, ಮುಗೀತು. ಬಟ್ಟೆ ಒದ್ದೆಯಾಗುತ್ತದೆ, ಅಪ್ಪ ಅಮ್ಮ ಬೈಯುತ್ತಾರೆ, ಅದು ಬೇರೆ ಮಾತು.

ಜಾಗದ ಬಗ್ಗೆ. ಕೋಟೆ, ಮದರಸಾ, ಅಷ್ಟೂರು ಇವೆಲ್ಲ ಕೇಂದ್ರದ ರಕ್ಷಿತ ಸ್ಮಾರಕಗಳು. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರ ಆಚೆಗಿನ 200 ಮೀಟರಿಗೂ ಅನುಮತಿ ಬೇಕು. ನನಗೆ ಇದು ಒಳ್ಳೆಯದೇ ಅನ್ನಿಸುತ್ತದೆ. ಹೊಸ ಕಟ್ಟಡ ಅಂದ ಕೂಡಲೇ ಟೆಂಡರು, ಗ್ರಾನೈಟು, ಉದ್ಘಾಟನೆಯ ಕಲ್ಲು ಅಂತ ದುಡ್ಡೆಲ್ಲ ಗೋಡೆಗೇ ಹೋಗುತ್ತದೆ, ಒಳಗೆ ಕೂತು ಕಲಿಸುವವನಿಗೆ ಏನೂ ಉಳಿಯುವುದಿಲ್ಲ. ಹಳೆ ಊರಿನಲ್ಲಿ ಬಳಕೆಯಿಲ್ಲದ ಶಾಲಾ ಕೋಣೆಯೋ, ಇಲಾಖೆಯ ಹಳೆ ಕಚೇರಿಯೋ ಹುಡುಕಿದರೆ ಸಿಗುತ್ತದೆ. ಕೋಟೆ ಮತ್ತು ಮದರಸಾ ನಡುವೆ ಎಲ್ಲಾದರೂ ಸಿಕ್ಕರೆ ನಡೆದೇ ಹೋಗಬಹುದು.

ಸಂಭಾವನೆಯ ಮಾತು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಕುಶಲಕರ್ಮಿಯನ್ನು ಕರೆದು, ಪ್ರಚಾರ ಸಿಗುತ್ತೆ ಬನ್ನಿ ಅನ್ನುವ ಅಭ್ಯಾಸ ಬಿಡಬೇಕು. ಅವರು ಕೂತು ಕೆಲಸ ಮಾಡಿದರೆ ಮಾತ್ರ ಸಂಜೆಗೆ ದುಡ್ಡು. ಮಕ್ಕಳ ಜೊತೆ ಕಳೆದ ಅರ್ಧ ದಿನ ಅಂದರೆ ಅರ್ಧ ದಿನದ ಕೆಲಸ ನಿಂತ ಹಾಗೆ. ಆ ಅರ್ಧ ದಿನಕ್ಕೆ ಅವರ ಕೆಲಸದ ಗಳಿಕೆಗಿಂತ ಕಡಿಮೆ ಕೊಡಬಾರದು. ತಿಂಗಳ ಕೊನೆಗೆ ಅಲೆದಾಡಿಸದೆ ಕೊಡಬೇಕು. ಬಿದ್ರಿ ಮನೆಗಳ ಎಷ್ಟೋ ಹುಡುಗರು ಇವತ್ತು ಬೇರೆ ಕೆಲಸ ಹುಡುಕುತ್ತಿದ್ದಾರೆ. ಕಲಿಸುವುದರಿಂದಲೂ ನಾಲ್ಕು ಕಾಸು ಬರುತ್ತದೆ ಅಂದರೆ ಒಂದಿಬ್ಬರಾದರೂ ಉಳಿದಾರು. ಮನೆಯಲ್ಲಿ ಕೂತು ಕೆಲಸ ಮಾಡುವ ಹೆಣ್ಣುಮಕ್ಕಳಿಗೂ ಇಲ್ಲಿ ಜಾಗ ಇರಲಿ. ಮಕ್ಕಳಿಗೆ ಹೇಳಿಕೊಡುವ ತಾಳ್ಮೆ ಅವರಲ್ಲೇ ಜಾಸ್ತಿ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಹೊರಗಿನಿಂದ ಬಂದವರು ಒಂದು ಸಿನಿಮಾ ಟಿಕೆಟಿನಷ್ಟು ಶುಲ್ಕ ಖುಷಿಯಿಂದಲೇ ಕೊಡುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದ ದಿನ ಬೆಳಿಗ್ಗೆ ಉಚಿತ ಇರಲಿ. ಇದನ್ನು ದಯವಿಟ್ಟು ಕೈಬಿಡಬೇಡಿ. ಇದೇ ಊರಲ್ಲಿ ಹುಟ್ಟಿ, ಬಿದ್ರಿ ಅಂದರೆ ಪರೀಕ್ಷೆಯಲ್ಲಿ ಬರೆಯುವ ಒಂದು ಸಾಲಿನ ಉತ್ತರ ಅಂದುಕೊಂಡಿರುವ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ. ಶುರುವಿನ ಖರ್ಚಿಗೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಇದೆ. ಅದು ತೂಗುವ ಮೊತ್ತಗಳ ಮುಂದೆ ಇದು ಚಿಲ್ಲರೆ.

ವೇಳೆ ಗೊತ್ತುಮಾಡುವಾಗ ಬೆಳಿಗ್ಗೆ ಹತ್ತರಿಂದ ಐದು ಅಂತ ಕಚೇರಿ ಲೆಕ್ಕ ಹಾಕಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳೊಂದಿಗೆ ಬಂದವರು ಕೋಟೆ ನೋಡುವುದು ಬೆಳಿಗ್ಗೆ ಮಾತ್ರ. ಹನ್ನೆರಡರಿಂದ ನಾಲ್ಕರವರೆಗೆ ಎಲ್ಲಿಗೂ ಹೋಗೋಕಾಗದೆ ಒದ್ದಾಡುತ್ತಾರೆ. ಕೋಣೆ ತೆರೆದಿರಬೇಕಾದ್ದು ಆಗಲೇ, ಅದೂ ಭಾನುವಾರ ಮತ್ತು ಸರ್ಕಾರಿ ರಜೆಗಳಂದು ತಪ್ಪದೆ. ನಾಂದೇಡಿನಿಂದ ಗುರುದ್ವಾರಕ್ಕೆ ಬರುವ ಪಂಜಾಬಿನ ಕುಟುಂಬಗಳೂ ಇವೆ. ಬರುವ ಮಕ್ಕಳಲ್ಲಿ ಒಬ್ಬರದು ತೆಲುಗು, ಒಬ್ಬರದು ಮರಾಠಿ, ಇನ್ನೊಬ್ಬರದು ಪಂಜಾಬಿ. ಬೀದರಿನ ಉಸ್ತಾದರಿಗೆ ಇದೇನು ಹೊಸದಲ್ಲ, ಕನ್ನಡ, ಉರ್ದು ಮಾತಾಡುತ್ತಲೇ ಉಳಿದದ್ದನ್ನೂ ಸಂಭಾಳಿಸುತ್ತಾರೆ. ಫಲಕ ಮಾತ್ರ ಮೊದಲು ಕನ್ನಡದಲ್ಲಿರಲಿ, ತಪ್ಪಿಲ್ಲದ ಕನ್ನಡದಲ್ಲಿ.

ಬೀದರ್‌ನಲ್ಲಿ ಇದು ನಡೆದರೆ ಅಕ್ಕಪಕ್ಕದವರೂ ಕೇಳುತ್ತಾರೆ. ಕಲಬುರಗಿಗೆ ಚಿತ್ರಕಾರ ಎಸ್.ಎಂ. ಪಂಡಿತರ ಹೆಸರಿದೆ, ಸನ್ನತಿಯ ಶಿಲ್ಪಗಳಿವೆ. ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಕಿರುಚಿತ್ರಗಳ ಪರಂಪರೆ ಇದೆ. ಹುಣಸಗಿ ಕಡೆ ಆದಿಮಾನವರು ಕಲ್ಲು ಒಡೆದು ಕೈಗೊಡಲಿ ಮಾಡಿದ ಜಾಗಗಳೇ ಇವೆ. 2017ರಿಂದ ಬೀದರ್, ಕಲಬುರಗಿ ನಡುವೆ ರೈಲೂ ಓಡುತ್ತಿದೆ. ಆದರೆ ಮೂರು ಜಿಲ್ಲೆಯ ದೊಡ್ಡ ಯೋಜನೆ ಅಂತ ಶುರುಮಾಡಿದರೆ ಕಡತವೇ ಬೆಳೆಯುತ್ತದೆ. ಮೊದಲು ಎರಡು ಕೋಣೆ.

ಮುಂದಿನ ಬೇಸಿಗೆ ರಜೆಗೆ ಮುಂಚೆ ಒಂದು ಸಭೆ ಕರೆಯಿರಿ. ಬಿದ್ರಿ ಕುಶಲಕರ್ಮಿಗಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸದೆ, ಮೊದಲು ಅವರ ಮಾತು ಕೇಳಿ. ಲಾಡ್ಜಿನವರು, ಆಟೋದವರು, ಪುರಾತತ್ವ ಇಲಾಖೆಯವರು, ಒಂದಿಬ್ಬರು ಚಿತ್ರಕಲಾ ಶಿಕ್ಷಕರೂ ಇರಲಿ. ಭಾನುವಾರಕ್ಕೊಮ್ಮೆ ಅಂತ ಮೂರು ತಿಂಗಳು ನಡೆಸಿ ನೋಡಿ, ಜನ ಬಂದರೆ ಮುಂದುವರಿಸಿ. ಭಾನುವಾರಗಳಲ್ಲಿ ನಾನು ಸಂಬಳವಿಲ್ಲದೆ ಬರುತ್ತೇನೆ, ಉಸ್ತಾದರಿಗೆ ಮಾತ್ರ ಸಂಬಳ ಕೊಡಿ. ಮತ್ತೆ ಮೇಜು ಮಾಡಿಸುವ ಮುಂಚೆ ಒಂದು ಮಾತು ತಿಳಿಸಿ. ಆರು, ಏಳು ವರ್ಷದವರಿಗೆ ಎತ್ತರ 22 ಇಂಚು ದಾಟಬಾರದು. ಕಚೇರಿಯ ಮೇಜು ತಂದು ಹಾಕಿದರೆ ಮಕ್ಕಳು ಇಡೀ ಹೊತ್ತು ನಿಂತೇ ಇರಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಬೀದರ್‌ನ ಒಬ್ಬ ಚಿತ್ರಕಲಾ ಶಿಕ್ಷಕಿ